ಬ್ಲೂಯಿ ವಿಲ್ಕಿನ್ಸನ್ನನ ಚರಿತ್ರೆ ಮತ್ತು 1936ರ ಜಗದ್ವೀರ ನಿರ್ಣಯದ ವಿಚಾರ

ಆಸ್ಟ್ರೇಲಿಯಾ ದೇಶದ ಆರ್ಥರ್ ಜಾರ್ಜ್ ವಿಲ್ಕಿನ್ಸನ್ ಎಂಬ ಮೋಟಾರ್ ಸೈಕಲ್ ಸವಾರನು 1936ನೆಯ ಇಸವಿ ಸೆಪ್ಟೆಂಬರ್ 10ನೆಯ ತಾರೀಖಿನ ರಾತ್ರಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಐದು ಸಾರಿ ಓಟಕ್ಕೆ ನಿಂತನು. ಐದು ಸಾರಿಯೂ ಎಲ್ಲರಿಗಿಂತ ಮುಂದಾಗಿ ಬಂದನು. ಸ್ಪೀಡ್‌ವೇ ಎಂಬ ಪಂದ್ಯದಲ್ಲಿ ಜಗತ್ತಿಗೆಲ್ಲ ಮೊದಲಿಗನು ಯಾರೆಂಬುದನ್ನು ಮೊತ್ತಮೊದಲು ನಿರ್ಣಯಿಸಿದ ರಾತ್ರಿ ಅದು. ಅಂದು ಅವನನ್ನು ಹಿಂದಿಕ್ಕಿದ ಸವಾರನು ಒಬ್ಬನೂ ಇಲ್ಲ. ಹೀಗಿದ್ದರೂ ಜಗದ್ವೀರರ ಪಟ್ಟಿಯಲ್ಲಿ ಆ ವರ್ಷದ ಎದುರಿಗೆ ಕಾಣುವ ಹೆಸರು ಲಯೊನೆಲ್ ವಾನ್ ಪ್ರಾಗ್ ಎಂಬವನದು. ವಿಲ್ಕಿನ್ಸನ್ನನಿಗೆ ದೊರೆತದ್ದು ಮೂರನೆಯ ಸ್ಥಾನ. ಯಾರಿಗೂ ಸೋಲದವನು ಮೂರನೆಯವನಾದದ್ದು ಹೇಗೆ, ಅದು ನ್ಯಾಯವೋ ಅನ್ಯಾಯವೋ ಎಂಬ ಪ್ರಶ್ನೆಯು ಈ ಪಂದ್ಯದ ಚರಿತ್ರೆಯನ್ನು ಓದುವವರಿಗೆಲ್ಲ ಎದುರಾಗತಕ್ಕದ್ದು. ಅದನ್ನು ವಿವೇಚಿಸುವ ಮೊದಲು ಪಂದ್ಯದ ಸ್ವರೂಪವನ್ನೂ ಸವಾರನ ಪೂರ್ವವೃತ್ತಾಂತವನ್ನೂ ಸಂಗ್ರಹವಾಗಿ ತಿಳಿಯುವುದು ಆವಶ್ಯಕ.

ಸ್ಪೀಡ್‌ವೇ ಎಂಬುದು ಅಂಡಾಕಾರವಾದ ಅಂಕಣದಲ್ಲಿ ನಡೆಯುವ ಮೋಟಾರ್ ಸೈಕಲ್ಲುಗಳ ಓಟ. ಅಂಕಣಕ್ಕೆ ಕಲ್ಲು ಹಾಸುವುದಿಲ್ಲ, ಡಾಮರು ಹಾಕುವುದಿಲ್ಲ. ಬೂದಿಗಿಟ್ಟವನ್ನೋ ಪುಡಿಗಲ್ಲನ್ನೋ ಹರಡಿರುತ್ತಾರೆ. ಒಂದೊಂದು ಓಟಕ್ಕೆ ನಾಲ್ವರು ಸವಾರರು. ಅವರು ಸುತ್ತತಕ್ಕದ್ದು ನಾಲ್ಕು ಸುತ್ತು, ಅದೂ ಅಪ್ರದಕ್ಷಿಣವಾಗಿ. ಎಂದರೆ ಸವಾರನಿಗೆ ಎಡಕ್ಕೆ ತಿರುಗುವುದಲ್ಲದೆ ಬಲಕ್ಕೆ ತಿರುಗುವ ಪ್ರಸಂಗವೇ ಇಲ್ಲ. ಗಾಡಿಗೆ ತಡೆಯಿಲ್ಲ, ಬ್ರೇಕು ಎಂಬ ಅಂಗವನ್ನೇ ಅದಕ್ಕೆ ಇಟ್ಟಿಲ್ಲ. ತಿರುವಿನಲ್ಲಿ ವೇಗವನ್ನು ಅಡಗಿಸುವ ಉಪಾಯವು ಒಂದೇ: ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಮುಂದಿನ ಚಕ್ರವನ್ನು ಬಲಕ್ಕೆ ಹೊರಳಿಸಿ, ಉಕ್ಕಿನ ಅಟ್ಟೆಯನ್ನು ಕಟ್ಟಿದ ಎಡಗಾಲನ್ನು ನೆಲಕ್ಕೆ ತಾಗಿಸಿ, ಗಾಡಿಯನ್ನು ಅಡ್ಡಡ್ಡಲಾಗಿ ನಡೆಸಿಕೊಂಡು ಹೋಗುವುದು. ಎಡಕ್ಕೆ ಹೋಗಬೇಕಾದವನು ಬಲಕ್ಕೆ ಹಿಡಿಯನ್ನು ತಿರುಗಿಸಬೇಕೆಂಬ ಈ ವಿರೋಧಾಭಾಸವನ್ನು ಶರೀರಕ್ಕೆ ಅಭ್ಯಾಸ ಮಾಡಿಸಿಕೊಳ್ಳದವನು ಮೊದಲನೆಯ ತಿರುವಿನಲ್ಲಿಯೇ ಬೇಲಿಯನ್ನು ಸೇರುವನು. 1930ರ ಸುಮಾರಿನಿಂದ ಮುಂದೆ ಸವಾರರೆಲ್ಲರೂ ಲಂಡನ್ನಿನ ಟಾಟನ್‌ಹ್ಯಾಮ್ ಎಂಬಲ್ಲಿ ತಯಾರಾದ ಜೆ.ಎ.ಪಿ. ಎಂಬ ಒಂಟಿ ಉರುಳೆಯ 500 ಸಿ.ಸಿ. ಯಂತ್ರವನ್ನೇ ಆಶ್ರಯಿಸಿದರು. ಅದು ಪೆಟ್ರೋಲನ್ನಲ್ಲದೆ ಮದ್ಯಸಾರದ ಜಾತಿಗೆ ಸೇರಿದ ಮೆಥನಾಲನ್ನು ಕುಡಿಯುವ ಯಂತ್ರ. ಎಲ್ಲರ ಯಂತ್ರವೂ ಒಂದೇ ಆದಮೇಲೆ ಗೆಲವು ಸೋಲುಗಳು ಬಹುಮಟ್ಟಿಗೆ ಸವಾರನ ಕೈಗೂ ಎದೆಗೂ ಸೇರಿದವಾದವು.

ಈ ಪಂದ್ಯದ ಉತ್ಪತ್ತಿಯನ್ನು ಕುರಿತು ಒಂದು ಪ್ರಸಿದ್ಧ ಕಥೆಯುಂಟು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಜಾನಿ ಹಾಸ್ಕಿನ್ಸ್ ಎಂಬವನು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತದ ವೆಸ್ಟ್ ಮೈಟ್ಲೆಂಡ್ ಎಂಬ ಊರಿನ ಕೃಷಿಪ್ರದರ್ಶನ ಸಂಘಕ್ಕೆ ಕಾರ್ಯದರ್ಶಿಯಾಗಿದ್ದನು. 1923ನೆಯ ಇಸವಿ ಡಿಸೆಂಬರ್ 15ನೆಯ ತಾರೀಖು ರಾತ್ರಿ ದೀಪಗಳ ಬೆಳಕಿನಲ್ಲಿ ಪ್ರದರ್ಶನದ ಮೈದಾನದಲ್ಲಿ ಅವನು ಮೋಟಾರ್ ಸೈಕಲ್ಲುಗಳನ್ನು ಓಡಿಸಿದುದೇ ಸ್ಪೀಡ್‌ವೇಯ ಜನ್ಮವೆಂದು ಆ ಕಥೆ. ಆದರೆ ಮಣ್ಣಿನ ಅಂಕಣಗಳಲ್ಲಿ ಮೋಟಾರ್ ಸೈಕಲ್ಲುಗಳು ಅಮೆರಿಕಾದಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ ಅದಕ್ಕೆ ಮೊದಲೇ ಓಡಿದ್ದವು. ಆದುದರಿಂದ ಹಾಸ್ಕಿನ್ಸನನ್ನು ಈ ಪಂದ್ಯದ ಜನಕನೆನ್ನುವುದಕ್ಕಿಂತ, ಚೆಲ್ಲಾಪಿಲ್ಲಿಯಾಗಿದ್ದುದನ್ನು ಕಂತೆ ಕಟ್ಟಿ ಪೇಟೆಗೆ ತಂದವನು ಎನ್ನುವುದು ಉಚಿತ. ಯಾವ ವಿದ್ಯೆಗಾದರೂ ಒಬ್ಬ ಮೂಲಪುರುಷನನ್ನು ಕಲ್ಪಿಸದೆ ಜನರ ಮನಸ್ಸಿಗೆ ತೃಪ್ತಿಯಾಗದು. ಇಂಗ್ಲೆಂಡಿನಲ್ಲಿಯೂ ಇದೇ ವಿವಾದ. ಅಲ್ಲಿ 1927ರಲ್ಲಿಯೇ ಕ್ಯಾಂಬರ್ಲಿ ಮತ್ತು ಡ್ರಾಯ್ಲ್ಸ್‌ಡನ್ ಎಂಬಲ್ಲಿ ಓಟಗಳು ನಡೆದಿದ್ದರೂ, 1928ನೆಯ ಇಸವಿ ಫೆಬ್ರವರಿ 19ನೆಯ ತಾರೀಖು ಎಪಿಂಗ್ ಅಡವಿಯ ಹೈ ಬೀಚ್ ಎಂಬಲ್ಲಿ ನಿರೀಕ್ಷೆಯ ಹಲವು ಮಡಿ ಜನರು ನೆರೆದ ಕೂಟವನ್ನೇ ಆರಂಭವೆಂದು ಎಣಿಸುವುದು ರೂಢಿ. ಅಲ್ಲಿಂದಾಚೆಗೆ ಕೆಲವೇ ತಿಂಗಳುಗಳಲ್ಲಿ ಆ ದೇಶದ ದೊಡ್ಡ ಊರುಗಳಲ್ಲೆಲ್ಲ ಅಂಕಣಗಳು ಎದ್ದವು. ಸವಾರಿ ಬಲ್ಲವರು ಬೇಕಾದರು; ಬಲ್ಲವರು ಇದ್ದದ್ದು ಆಸ್ಟ್ರೇಲಿಯಾದಲ್ಲಿ.

ವಿಲ್ಕಿನ್ಸನ್ನನು ಹುಟ್ಟಿದುದು 1911ನೆಯ ಇಸವಿ ಆಗಸ್ಟ್ 27ನೆಯ ತಾರೀಖು, ನ್ಯೂ ಸೌತ್ ವೇಲ್ಸಿನ ಮಿಲ್‌ಥಾರ್ಪ್ ಎಂಬ ಸಣ್ಣ ಊರಿನಲ್ಲಿ. ಬೆಳೆದದ್ದು ಅದರ ಸಮೀಪದ ಬ್ಯಾಥರ್ಸ್ಟ್ ಪಟ್ಟಣದಲ್ಲಿ. ಅವನಿಗೆ ಲೋಕದಲ್ಲಿ ಪ್ರಸಿದ್ಧವಾದ ಹೆಸರು ಬ್ಲೂಯಿ, ಎಂದರೆ ನೀಲಿಯವನು. ಅವನಲ್ಲಿ ನೀಲಿಯಾದದ್ದು ಏನೂ ಇರಲಿಲ್ಲ. ಕೆಂಗೂದಲಿನವರನ್ನು ಹೀಗೆ ನೀಲಿಯವನೆಂದು ಕರೆಯುವುದು ಆಸ್ಟ್ರೇಲಿಯಾದ ಜನರ ಹಾಸ್ಯ. ನಮ್ಮ ಆಲಂಕಾರಿಕರು ವಿಪರೀತಲಕ್ಷಣೆ ಎನ್ನುವ ವ್ಯಾಪಾರವು ಸಾವಿರಾರು ಮೈಲಿಗಳಾಚೆ ಕುದುರೆಲಾಯಗಳಲ್ಲಿಯೂ ಕಮ್ಮಾರಸಾಲೆಗಳಲ್ಲಿಯೂ ಶಾಸ್ತ್ರದ ಸಹಾಯವಿಲ್ಲದೆಯೇ ನಡೆಯುತ್ತಿರುವುದು ಸ್ವಾರಸ್ಯವಾಗಿದೆ.

1928ರಲ್ಲಿ, ಹದಿನೇಳು ವರ್ಷದ ಆಸುಪಾಸಿನಲ್ಲಿ, ಅವನು ಬ್ಯಾಥರ್ಸ್ಟಿನ ಅಂಕಣದಲ್ಲಿ ಸವಾರಿಗೆ ತೊಡಗಿದನು. ಮರುವರ್ಷ, ಎಂದರೆ 1929ರಲ್ಲಿ, ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಪೂರ್ವಭಾಗದ ವೆಸ್ಟ್ ಹ್ಯಾಮ್ ತಂಡವನ್ನು ಸೇರಿದನು. ಆ ತಂಡದ ಅಂಕಣವು ಕಸ್ಟಮ್ ಹೌಸ್ ಎಂಬ ಕೇರಿಯಲ್ಲಿ, ಹಡಗುಕಟ್ಟೆಗಳ ಮಗ್ಗುಲಲ್ಲಿ ಇದ್ದಿತು. ನೋಡಬರುವವರಲ್ಲಿ ಹಡಗುಗಳಿಗೆ ಸರಕು ಹೇರುವ ಇಳಿಸುವ ಕೂಲಿಗಾರರೂ ಅವರ ಸಂಸಾರದವರೂ ಬಹಳ. ಹಾಸ್ಕಿನ್ಸನು 1930ರ ದಶಕದಲ್ಲಿ ಈ ತಂಡಕ್ಕೇ ವ್ಯವಸ್ಥಾಪಕನಾಗಿ ಬಂದನು. ಹೀಗೆ ಮೈಟ್ಲೆಂಡಿನ ಕಥೆಯ ನಾಯಕನೂ ಬ್ಯಾಥರ್ಸ್ಟಿನ ಹುಡುಗನೂ ಥೇಮ್ಸ್ ನದಿಯ ದಡದಲ್ಲಿ ಕೂಡಿದರು.

ಸವಾರನ ಜೀವನೋಪಾಯವನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. ಅವನಿಗೆ ಕಛೇರಿಯ ನೌಕರನಂತೆ ತಿಂಗಳ ಸಂಬಳವಿಲ್ಲ. ಓಟಕ್ಕೆ ನಿಂತದ್ದಕ್ಕೆ ಇಷ್ಟು, ಗಳಿಸಿದ ಅಂಕ ಒಂದೊಂದಕ್ಕೆ ಇಷ್ಟು ಎಂದು ಹಣ. ಮೊದಲು ಬಂದವನಿಗೆ ಮೂರು ಅಂಕ, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಕಡೆಯವನಿಗೆ ಸೊನ್ನೆ. ಆದುದರಿಂದ ಒಂದು ಅಂಕವೆಂಬುದು ಕೀರ್ತಿಯ ಲೆಕ್ಕ ಮಾತ್ರವಲ್ಲ, ರೊಟ್ಟಿಯ ಲೆಕ್ಕವೂ ಹೌದು. ಬಿದ್ದು ಮೂಳೆ ಮುರಿದುಕೊಂಡವನಿಗೆ ಎರಡೂ ಇಲ್ಲ. ಇಂಗ್ಲೆಂಡಿನಲ್ಲಿ ಪಂದ್ಯಗಳು ನಡೆಯುವುದು ಬೇಸಗೆಯಲ್ಲಿ. ಅಲ್ಲಿ ಚಳಿ ಹತ್ತಿದಾಗ ದಕ್ಷಿಣ ಗೋಳಾರ್ಧದ ಆಸ್ಟ್ರೇಲಿಯಾದಲ್ಲಿ ಬೇಸಗೆ. ಈ ಕಾರಣದಿಂದ ವಿಲ್ಕಿನ್ಸನ್ನನಂಥ ಸವಾರರು ಸೂರ್ಯನನ್ನು ಹಿಂಬಾಲಿಸಿ ಉತ್ತರಾಯಣ ದಕ್ಷಿಣಾಯನಗಳನ್ನು ಹಡಗಿನಲ್ಲಿ ಅನುಸರಿಸುತ್ತ, ವರ್ಷಕ್ಕೆ ಎರಡು ಗ್ರೀಷ್ಮಗಳನ್ನು ಕಂಡು ಹೇಮಂತವನ್ನೇ ಮರೆತಿರುತ್ತಿದ್ದರು. 1930ರಿಂದ ಇಂಗ್ಲೆಂಡಿಗೂ ಆಸ್ಟ್ರೇಲಿಯಾಕ್ಕೂ ಟೆಸ್ಟ್ ಪಂದ್ಯಗಳು ಮೊದಲಾದವು. ಅವುಗಳಲ್ಲಿ ತನ್ನ ದೇಶದ ಪರವಾಗಿ ಸವಾರಿಮಾಡಿದವರ ಸಾಲಿನಲ್ಲಿ ವಿಲ್ಕಿನ್ಸನ್ನನೂ ಸೇರಿದನು.

ಜಗದ್ವೀರ ನಿರ್ಣಯಕ್ಕೆ ಮೊದಲು ಲಂಡನ್ನಿನ ‘ಸ್ಟಾರ್’ ಪತ್ರಿಕೆಯವರು ನಡೆಸುತ್ತಿದ್ದ ಪಂದ್ಯವೇ ಸವಾರರ ತಾರತಮ್ಯಕ್ಕೆ ಪ್ರಮಾಣವಾಗಿದ್ದಿತು. 1929ರಲ್ಲಿ ಆ ಪಂದ್ಯವನ್ನು ದೇಶೀಯರಿಗೆ ಒಂದು, ಸಾಗರದಾಚೆಯವರಿಗೆ ಒಂದು ಎಂದು ಎರಡಾಗಿ ಒಡೆದರು. ಆಸ್ಟ್ರೇಲಿಯಾದವರೊಡನೆ ಒಂದೇ ಅಂಕಣಕ್ಕೆ ಇಳಿದರೆ ತಮ್ಮವರಿಗೆ ಏನೂ ಮಿಗದೆಂಬ ಭಯವೇ ಅದಕ್ಕೆ ಕಾರಣ. 1932ರಲ್ಲಿ ಈ ಪಂದ್ಯವನ್ನು ಗೆದ್ದವನು ಎರಿಕ್ ಲ್ಯಾಂಗ್ಟನ್ ಎಂಬ ಇಂಗ್ಲಿಷ್ ಸವಾರ. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. 1933ರಲ್ಲಿ ಗೆದ್ದ ಟಾಮ್ ಫಾರ್ನ್‌ಡನ್ ಎಂಬವನು 1935ನೆಯ ಆಗಸ್ಟಿನಲ್ಲಿ ನ್ಯೂ ಕ್ರಾಸ್ ಅಂಕಣದಲ್ಲಿ ಬಿದ್ದು ಪ್ರಾಣಬಿಟ್ಟನು. ಅದಾದ ಮರುವರ್ಷವೇ ಇಡೀ ಜಗತ್ತಿನ ಹೆಸರಿನಲ್ಲಿ ಹೊಸ ಪಂದ್ಯವನ್ನು ಸ್ಥಾಪಿಸಿದರು.

ಇನ್ನು ಆ ರಾತ್ರಿಯ ವಿಚಾರ. ಕಡೆಯ ಕೂಟಕ್ಕೆ ಬಂದವರು 16 ಮಂದಿ ಸವಾರರು, ಓಟಗಳು 20, ಪ್ರತಿಯೊಬ್ಬನಿಗೂ 5 ಓಟ. ಪ್ರತಿಯೊಬ್ಬನೂ ಉಳಿದ 15 ಮಂದಿಯಲ್ಲಿ ಒಬ್ಬೊಬ್ಬನನ್ನೂ ಒಂದು ಸಾರಿ, ಒಂದೇ ಸಾರಿ, ಎದುರಿಸುವಂತೆ ಓಟಗಳ ಜೋಡಣೆ. ಹದಿನಾರು ಮನೆಗಳ ಭದ್ರಗಣಿತದಲ್ಲಿ ಕೈಯಾಡಿಸಿದವರಿಗೆ ಈ ವಿನ್ಯಾಸವು ಸಂತೋಷವನ್ನು ಕೊಡದಿರದು: ಯಾರಿಗೂ ಸುಲಭದ ಎದುರಾಳಿಯು ಎರಡಾವೃತ್ತಿ ದೊರೆಯುವುದಿಲ್ಲ, ಕಠಿಣನಾದವನು ಯಾರಿಗೂ ತಪ್ಪುವುದಿಲ್ಲ. ಒಬ್ಬ ಸವಾರನು ಗಳಿಸಬಹುದಾದ ಪರಮಾವಧಿ 15 ಅಂಕ.

ಇಷ್ಟೇ ಆಗಿದ್ದರೆ ಚರ್ಚೆಗೆ ಎಡೆಯಿರಲಿಲ್ಲ. ಆದರೆ ಏರ್ಪಾಡು ಮಾಡಿದವರು ಇದಕ್ಕೆ ಮತ್ತೊಂದನ್ನು ಸೇರಿಸಿದರು. ಬೇಸಗೆಯಲ್ಲಿ ನಾನಾ ಅಂಕಣಗಳಲ್ಲಿ ನಡೆದ ಅರ್ಹತೆಯ ಪಂದ್ಯಗಳಲ್ಲಿ ಸವಾರನು ತೋರಿದ ಸಾಮರ್ಥ್ಯಕ್ಕೆ ತಕ್ಕಂತೆ ಕೆಲವು ಅಂಕಗಳನ್ನು ಮೊದಲೇ ಅವನ ಖಾತೆಯಲ್ಲಿ ಬರೆದಿಟ್ಟು, ಕಡೆಯ ರಾತ್ರಿಯ ಅಂಕಗಳಿಗೆ ಅವನ್ನು ಕೂಡಿಸಿದರು. ಇವನ್ನು ಅವರು ಬೋನಸ್ ಅಂಕಗಳೆಂದರು. ನಮ್ಮ ಪರಿಭಾಷೆಯಲ್ಲಿ ಸಂಚಿತವೆನ್ನಬಹುದು. ಸಂಚಿತದ ಬಲದಿಂದ ಈ ರಾತ್ರಿಯ ಪೌರುಷವು ಹೆಚ್ಚಲೂಬಹುದು, ಹೆಚ್ಚಿನ ಪೌರುಷವು ಸಂಚಿತದ ಕೊರತೆಯಿಂದ ಕೆಳಗಿಳಿಯಲೂಬಹುದು.

ವಿಲ್ಕಿನ್ಸನ್ನನ ಸಂಚಿತ 10, ವಾನ್ ಪ್ರಾಗನದು 12, ಲ್ಯಾಂಗ್ಟನ್ನನದು 13. ಆ ರಾತ್ರಿ ವಿಲ್ಕಿನ್ಸನ್ನನು 15 ಅಂಕಗಳನ್ನೂ ಗಳಿಸಿದನು. ವಾನ್ ಪ್ರಾಗನು 14, ಲ್ಯಾಂಗ್ಟನ್ನನು 13. ಕೂಡಿಸಿದರೆ ವಿಲ್ಕಿನ್ಸನ್ನನಿಗೆ 25, ಉಳಿದಿಬ್ಬರಿಗೂ 26. ರಾತ್ರಿಯ ಅಂಕಗಳನ್ನು ಮಾತ್ರ ನೋಡಿದರೆ ಮೂವರ ಕ್ರಮವು ಯಾವುದೋ, ಸಂಚಿತವನ್ನು ಮಾತ್ರ ನೋಡಿದರೆ ಅದಕ್ಕೆ ಸಂಪೂರ್ಣವಾಗಿ ವ್ಯತ್ಯಸ್ತವಾದ ಕ್ರಮ.

ಪಟ್ಟಿಗಳಲ್ಲಿ ಅಚ್ಚಾಗಿರುವ ಈ ಅಂಕಿಗಳಿಂದಲೇ ಇನ್ನೊಂದು ಸಂಗತಿಯನ್ನು ಅನುಮಾನ ಪ್ರಮಾಣದಿಂದ ಸಾಧಿಸಬಹುದು. ವಾನ್ ಪ್ರಾಗನ 14 ಅಂಕಗಳೆಂದರೆ ನಾಲ್ಕು ಓಟಗಳಲ್ಲಿ ಮೊದಲನೆಯ ಸ್ಥಾನ, ಒಂದರಲ್ಲಿ ಎರಡನೆಯದು. ಬೇರೆ ರೀತಿಯಲ್ಲಿ 14 ಬರಲಾರದು. ಅವನೂ ವಿಲ್ಕಿನ್ಸನ್ನನೂ ಒಂದು ಓಟದಲ್ಲಿ ಎದುರಾದದ್ದು ನಿಶ್ಚಯ. ವಿಲ್ಕಿನ್ಸನ್ನನು ಯಾವ ಓಟವನ್ನೂ ಸೋಲಲಿಲ್ಲ. ಆದುದರಿಂದ ವಾನ್ ಪ್ರಾಗನು ಎರಡನೆಯವನಾದ ಆ ಒಂದು ಓಟವು ವಿಲ್ಕಿನ್ಸನ್ನನ ಹಿಂದೆಯೇ ಆಗಿರಬೇಕು. ಇನ್ನು ಲ್ಯಾಂಗ್ಟನ್ನನು ವಿಲ್ಕಿನ್ಸನ್ನನಿಗೆ ಸೋತನು, ವಾನ್ ಪ್ರಾಗನಿಗೂ ಸೋತನು. ಅವನ 13 ಅಂಕಗಳಲ್ಲಿ ಬೇರೆ ಯಾರಿಗೂ ಸೋಲುವುದಕ್ಕೆ ಅವಕಾಶವೇ ಉಳಿದಿಲ್ಲ. ಎಂದ ಮೇಲೆ ಹದಿನಾರು ಮಂದಿಯಲ್ಲಿ ಈ ಮೂವರ ಬಲಾಬಲವು ಆ ರಾತ್ರಿ ಮೆಟ್ಟಿಲುಗಳಂತೆ ಸ್ಪಷ್ಟವಾಗಿದ್ದಿತು: ಲ್ಯಾಂಗ್ಟನ್ನನ ಮೇಲೆ ವಾನ್ ಪ್ರಾಗ್, ವಾನ್ ಪ್ರಾಗನ ಮೇಲೆ ವಿಲ್ಕಿನ್ಸನ್. ಆ ಮೆಟ್ಟಿಲುಗಳಲ್ಲಿ ಮೇಲಿನದನ್ನು ತೆಗೆದುಹಾಕಿ, ಕೆಳಗಿನ ಇಬ್ಬರಿಗೆ ಪಟ್ಟಕ್ಕಾಗಿ ಇನ್ನೊಂದು ಓಟವನ್ನು ಓಡಿರೆಂದು ಹೇಳಿದಂತಾಯಿತು.

ಎಪ್ಪತ್ತು ಸಾವಿರಕ್ಕೆ ಮಿಕ್ಕ ಪ್ರೇಕ್ಷಕರ ಎದುರಿಗೆ ಆ ಮರುಓಟವು ನಡೆಯಿತು. ಓಟದ ಆರಂಭಕ್ಕೆ ಅಡ್ಡಲಾಗಿ ಕಟ್ಟಿದ ಪಟ್ಟಿಗಳು ಮೇಲೇಳುವ ಮೊದಲೇ ಲ್ಯಾಂಗ್ಟನ್ನನು ನುಗ್ಗಿ ಅವನ್ನು ಹರಿದನೆಂದೂ, ಅದರಿಂದ ಅವನನ್ನು ಹೊರಗೆ ಹಾಕಬೇಕಾಗಿದ್ದರೂ ಹಾಗೆ ಬಂದ ಗೆಲವು ತನಗೆ ಬೇಡವೆಂದು ವಾನ್ ಪ್ರಾಗನು ಹೇಳಿದುದರಿಂದ ಮತ್ತೆ ಓಡಿಸಿದರೆಂದೂ ವೃತ್ತಾಂತಗಳಿವೆ. ಎರಡನೆಯ ಬಾರಿ ಲ್ಯಾಂಗ್ಟನ್ನನು ಕಡೆಯ ತಿರುವಿನವರೆಗೆ ಮುಂದಿದ್ದನು. ಅಲ್ಲಿ ದೊರೆತ ಕಿರಿದಾದ ಸಂದಿಯಲ್ಲಿ ವಾನ್ ಪ್ರಾಗನು ನುಸುಳಿ ಒಂದು ಚಕ್ರದಷ್ಟೂ ಇಲ್ಲದ ಅಂತರದಿಂದ ಗೆದ್ದನು. ಅವನು ವೆಂಬ್ಲಿ ತಂಡದವನೇ. ಅದು ಅವನ ಮನೆಯಂಗಳ. ವಿಲ್ಕಿನ್ಸನ್ನನಂತೆ ಅವನೂ ಆಸ್ಟ್ರೇಲಿಯಾದವನು, ಸಿಡ್ನಿಯವನು. ಪಟ್ಟವು ಆಸ್ಟ್ರೇಲಿಯಾಕ್ಕೇ ಹೋದುದರಿಂದ ಆ ದೇಶದಲ್ಲಿ ಹಾಹಾಕಾರಕ್ಕೆ ಕಾರಣವಿರಲಿಲ್ಲ. ಮೂರನೆಯ ಸ್ಥಾನದಲ್ಲಿ ನಿಂತ ವಿಲ್ಕಿನ್ಸನ್ನನು ಈ ಓಟವನ್ನು ನೋಡುವವರಲ್ಲಿ ಒಬ್ಬನಾದನು.

ಸಂಚಿತದ ನಿಯಮವನ್ನು ಸಮರ್ಥಿಸುವವರಿಗೆ ಯುಕ್ತಿಯಿಲ್ಲದೆ ಇಲ್ಲ. ಒಂದೇ ರಾತ್ರಿಯ ಅದೃಷ್ಟವು ಇಡೀ ಬೇಸಗೆಯ ಪರಿಶ್ರಮವನ್ನು ನುಂಗಬಾರದು. ಯಂತ್ರದ ಒಂದು ಸರಪಳಿ ತುಂಡಾದ ಮಾತ್ರಕ್ಕೆ ಉತ್ತಮನು ಕನಿಷ್ಠನಾಗಬಾರದು. ನಿಯಮವು ಪಂದ್ಯಕ್ಕೆ ಮೊದಲೇ ಎಲ್ಲರಿಗೂ ಗೊತ್ತಿದ್ದಿತು. ಆಡಿದ ಮೇಲೆ ನಿಯಮವನ್ನು ಹಳಿಯುವುದು ಧರ್ಮವಲ್ಲ. ಈ ವಾದವನ್ನು ಒಪ್ಪಲೇಬೇಕು: 1936ರ ಪಟ್ಟವು ವಾನ್ ಪ್ರಾಗನದೇ. ಆದರೂ ನಿಯಮವು ಸಾಧಿಸಲು ಹೊರಟದ್ದು ಒಂದು, ಸಾಧಿಸಿದ್ದು ಇನ್ನೊಂದು. ಎಲ್ಲರೂ ಎಲ್ಲರನ್ನೂ ಎದುರಿಸುವಂತೆ ಇಪ್ಪತ್ತು ಓಟಗಳನ್ನು ಅಷ್ಟು ನಿಷ್ಕೃಷ್ಟವಾಗಿ ಹೆಣೆದದ್ದು ಅದೃಷ್ಟದ ಪಾಲನ್ನು ಕಡಿಮೆಮಾಡುವುದಕ್ಕೇ ಅಲ್ಲವೆ? ಎಲ್ಲರೂ ಸಮಾನವಾಗಿ ಎದುರಿಸಿದ ಆ ತಕ್ಕಡಿಯ ಒಂದು ತಟ್ಟೆಗೆ, ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಎದುರಾಳಿಗಳ ಮೇಲೆ ಗಳಿಸಿದ ತೂಕವನ್ನು ಇಟ್ಟುದರಿಂದ ತಕ್ಕಡಿಯ ಪ್ರಾಮಾಣ್ಯವೇ ಕೆಟ್ಟಿತು. ಸಂಚಿತವನ್ನು ಅರ್ಧಕ್ಕೆ ಇಳಿಸಿದ್ದರೆ ವಿಲ್ಕಿನ್ಸನ್ನನಿಗೂ ವಾನ್ ಪ್ರಾಗನಿಗೂ 20 ಅಂಕಗಳ ಸಮತ್ವವುಂಟಾಗಿ, ಲ್ಯಾಂಗ್ಟನ್ನನು ಹತ್ತೊಂಬತ್ತೂವರೆಯಲ್ಲಿ ನಿಲ್ಲುತ್ತಿದ್ದನು. ಪಟ್ಟವು ಸಾಮರ್ಥ್ಯದ ಮೇಲೆ ಮಾತ್ರವಲ್ಲ, ಸಂಚಿತಕ್ಕೆ ಎಷ್ಟು ಬೆಲೆ ಕಟ್ಟಿದರೆಂಬುದರ ಮೇಲೆಯೂ ನಿಂತಿದ್ದಿತೆಂಬುದು ಇದರಿಂದ ತಿಳಿಯುತ್ತದೆ. ಈಗಿನ ಗ್ರಂಥಗಳಲ್ಲಿ ಕೆಲವರು 26, 26, 25 ಎಂದು ಮೊತ್ತವನ್ನು ಮಾತ್ರ ಬರೆದು ಮುಗಿಸುತ್ತಾರೆ. ಅದು ಚರಿತ್ರೆಗೆ ಮಾಡುವ ಅಪಚಾರ. ಎರಡು ಅಂಕಿಗಳನ್ನೂ ಬಿಡಿಸಿ ಬರೆದಲ್ಲದೆ ಆ ರಾತ್ರಿ ನಡೆದದ್ದು ಕಾಣಿಸದು.

1937ರಲ್ಲಿ ಅಮೆರಿಕಾದವರು ವೆಂಬ್ಲಿಯನ್ನು ಸೂರೆಗೊಂಡರು. ಜ್ಯಾಕ್ ಮಿಲ್ನ್, ವಿಲ್ಬರ್ ಲಾಮರೋ, ಕಾರ್ಡಿ ಮಿಲ್ನ್ ಎಂಬ ಮೂವರು ಮೊದಲ ಮೂರು ಸ್ಥಾನಗಳನ್ನೂ ತೆಗೆದುಕೊಂಡರು. ಜ್ಯಾಕನೂ ಕಾರ್ಡಿಯೂ ಅಣ್ಣತಮ್ಮಂದಿರು. ವಿಲ್ಕಿನ್ಸನ್ನನಿಗೆ ಆ ವರ್ಷದ ಸಮಾಧಾನವೆಂದರೆ ವೆಸ್ಟ್ ಹ್ಯಾಮ್ ತಂಡವು ರಾಷ್ಟ್ರೀಯ ಲೀಗಿನಲ್ಲಿ ಮೊದಲನೆಯದಾದದ್ದು.

ಮಾರನೆಯ ವರ್ಷ ಕಡೆಯ ಕೂಟವು 1938ನೆಯ ಇಸವಿ ಸೆಪ್ಟೆಂಬರ್ 1ನೆಯ ತಾರೀಖು ಅದೇ ವೆಂಬ್ಲಿಯಲ್ಲಿ ಸೇರಿತು. ಅದಕ್ಕೆ ಸ್ವಲ್ಪ ಮುಂಚೆ ವಿಲ್ಕಿನ್ಸನ್ನನು ಬಿದ್ದು ಕೊರಳೆಲುಬನ್ನು ಮುರಿದುಕೊಂಡಿದ್ದನು. ತಿರುವಿನಲ್ಲಿ ಜಾರುವ ಗಾಡಿಯನ್ನು ಹಿಡಿದು ನಿಲ್ಲಿಸುವ ಭಾರವೆಲ್ಲ ಭುಜಗಳ ಮೇಲೆ ಬೀಳುವುದೆಂಬುದನ್ನು ನೆನೆದರೆ, ಕಟ್ಟು ಕಟ್ಟಿದ ಭುಜದಿಂದ ಐದು ಓಟಗಳಿಗೆ ನಿಲ್ಲುವುದು ಎಂಥ ಸಾಹಸವೆಂದು ಊಹಿಸಬಹುದು. ಅವನು ನಿಂತನು, ಗೆದ್ದನು. ಸಂಚಿತವೂ ಸೇರಿ ಅವನ ಮೊತ್ತ 22, ಹಿಂದಿನ ವರ್ಷದ ಜಗದ್ವೀರನಾದ ಜ್ಯಾಕ್ ಮಿಲ್ನನಿಗೆ 21, ಲಾಮರೋವಿಗೆ 20. ಎರಡು ವರ್ಷ ಹಿಂದೆ ಯಾವ ಒಂದು ಅಂಕದಿಂದ ಪಟ್ಟವು ಕೈತಪ್ಪಿದ್ದಿತೋ ಅಂಥದೇ ಒಂದು ಅಂಕದಿಂದ ಈಗ ಕೈಸೇರಿತು.

ಪಟ್ಟವನ್ನು ಪಡೆದವನು ಅದನ್ನು ಉಳಿಸಿಕೊಳ್ಳಲು ಮತ್ತೆ ಅಂಕಣಕ್ಕಿಳಿಯುವುದು ವಾಡಿಕೆ. ವಿಲ್ಕಿನ್ಸನ್ನನು ಹಾಗೆ ಮಾಡಲಿಲ್ಲ. ಇಪ್ಪತ್ತೇಳು ವರ್ಷದ ಪ್ರಾಯದಲ್ಲಿ, ಮೈಯಲ್ಲಿ ಕಸುವೂ ಮಾರುಕಟ್ಟೆಯಲ್ಲಿ ಬೆಲೆಯೂ ತುಂಬಿದ್ದಾಗ, ಸವಾರಿಯನ್ನು ಬಿಟ್ಟು 1939ರಲ್ಲಿ ಉತ್ತರ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಪಂದ್ಯಗಳನ್ನು ಏರ್ಪಡಿಸುವ ವ್ಯವಹಾರಕ್ಕೆ ಕೈಹಾಕಿದನು. ಹತ್ತು ವರ್ಷಗಳಲ್ಲಿ ಎಷ್ಟೋ ಮಂದಿ ಜೊತೆಗಾರರು ಬೇಲಿಗೆ ಬಡಿದುದನ್ನು ಕಂಡಿದ್ದವನು ಅವನು; ಇದನ್ನು ಹೇಡಿತನವೆನ್ನುವವರು ಇರಲಾರರು. ಆ ಸೆಪ್ಟೆಂಬರಿನಲ್ಲಿ ಯುದ್ಧವು ಮೊದಲಾಗಿ 1939ರ ಜಗದ್ವೀರ ಪಂದ್ಯವು ನಿಂತೇಹೋಯಿತು, ಅಂಕಣಗಳು ಮುಚ್ಚಿದವು, ವಿಲ್ಕಿನ್ಸನ್ನನು ಸ್ವದೇಶಕ್ಕೆ ಹಿಂದಿರುಗಿದನು. ಅಲ್ಲಿ 1940ನೆಯ ಇಸವಿ ಜುಲೈ 27ನೆಯ ತಾರೀಖು ಸಿಡ್ನಿ ನಗರದಲ್ಲಿ ರಸ್ತೆಯ ಅಪಘಾತದಿಂದ ಸತ್ತನು. ಇಪ್ಪತ್ತೊಂಬತ್ತು ತುಂಬುವುದಕ್ಕೆ ಇನ್ನೂ ಒಂದು ತಿಂಗಳಿದ್ದಿತು. ಬ್ರೇಕಿಲ್ಲದ ಗಾಡಿಯ ಮೇಲೆ ಬದುಕಿ ಉಳಿದವನು ಎಲ್ಲರೂ ಓಡಾಡುವ ಸಾಧಾರಣವಾದ ಬೀದಿಯಲ್ಲಿ ಉಳಿಯಲಿಲ್ಲ.

ಅವನ ಎದುರಾಳಿಗಳ ಗತಿಯು ಬೇರೆಯಾಯಿತು. ವಾನ್ ಪ್ರಾಗನು ಯುದ್ಧದಲ್ಲಿ ಆಸ್ಟ್ರೇಲಿಯಾದ ವಿಮಾನದಳವನ್ನು ಸೇರಿದನು. 1942ನೆಯ ಜನವರಿಯಲ್ಲಿ ಸುಂಬಾ ಜಲಸಂಧಿಯಲ್ಲಿ ಅವನ ವಿಮಾನವನ್ನು ಶತ್ರುಗಳು ಕೆಡವಿದಾಗ, ಗಾಯಗೊಂಡ ಜೊತೆಗಾರರನ್ನು ಬಹುಹೊತ್ತು ಸಮುದ್ರದಲ್ಲಿ ತೇಲಿಸಿ ಉಳಿಸಿಕೊಂಡದ್ದಕ್ಕಾಗಿ ಜಾರ್ಜ್ ಪದಕವು ಅವನಿಗೆ ಬಂದಿತು. ಅವನು 1987ರವರೆಗೆ ಬಾಳಿದನು. ಲ್ಯಾಂಗ್ಟನ್ನನು ತೊಂಬತ್ತನ್ನು ದಾಟಿ 2001ರಲ್ಲಿ ತೀರಿಕೊಂಡನು.

ಯುದ್ಧವು ಮುಗಿದ ಮೇಲೆ 1949ರಲ್ಲಿ ಜಗದ್ವೀರ ಪಂದ್ಯವು ವೆಂಬ್ಲಿಯಲ್ಲಿ ಮತ್ತೆ ಮೊದಲಾಯಿತು. ಆ ಸಾರಿ ಸಂಚಿತದ ಲೆಕ್ಕವನ್ನು ಕೈಬಿಟ್ಟಿದ್ದರು. ಇಂಗ್ಲೆಂಡಿನ ಟಾಮಿ ಪ್ರೈಸ್ ಎಂಬವನು ಐದು ಓಟಗಳನ್ನು ಓಡಿ ಐದನ್ನೂ ಗೆದ್ದನು, 15 ಅಂಕ, ಜಗದ್ವೀರನಾದನು. ಜ್ಯಾಕ್ ಪಾರ್ಕರನು 14 ಅಂಕಗಳಿಂದ ಎರಡನೆಯವನು, ಲೂಯಿ ಲಾಸನ್ನನು 13 ಅಂಕಗಳಿಂದ ಮೂರನೆಯವನು. ಹದಿಮೂರು ವರ್ಷಗಳ ಹಿಂದೆ ಅದೇ ಅಂಕಣದಲ್ಲಿ ಬಿದ್ದ ಅಂಕಿಗಳೇ ಇವು, ಒಂದೊಂದೂ ಅವೇ.

ವೆಸ್ಟ್ ಹ್ಯಾಮಿನ ಅಂಕಣವು 1972ರಲ್ಲಿ ನೆಲಸಮವಾಗಿ ಆ ಜಾಗದಲ್ಲಿ ವಾಸದ ಮನೆಗಳು ಎದ್ದವು. ಅಲ್ಲಿನ ಬೀದಿಗಳಿಗೆ ಆ ತಂಡದವರ ಹೆಸರುಗಳನ್ನೇ ಇಟ್ಟರು. ಶಾಸನಗಳನ್ನು ಹುಡುಕಿ ಊರೂರು ತಿರುಗುವವರಿಗೆ ತಗಡಿನ ಮೇಲೆ ಬರೆದ ಬೀದಿಯ ಹೆಸರೂ ಒಂದು ಶಾಸನವೇ. ಕಸ್ಟಮ್ ಹೌಸ್ ಕೇರಿಯಲ್ಲಿ ಹಾಸ್ಕಿನ್ಸನ ಹೆಸರಿನದು ಒಂದು ಓಣಿಯುಂಟು, ವಿಲ್ಕಿನ್ಸನ್ನನ ಹೆಸರಿನದು ಒಂದು ರಸ್ತೆಯುಂಟು.